ಮುಳ್ಳಯ್ಯನಗಿರಿ ಚಾರಣ: ಮಾರ್ಚ್ 1ರಿಂದ ಹೊತ್ತೂ ಬದಲು, ದಾರಿಯೂ ತಿರುಗುಮುರುಗು

ಚಾರಣಕ್ಕೆ ಹೆಸರು ಕೊಟ್ಟಿರುವ ಎಲ್ಲರಿಗೂ ನಮಸ್ಕಾರ.

ಈವರೆಗೆ ಮೆಟ್ಟಿಲು ಹತ್ತಿ ಸರ್ಪದಾರಿಯಲ್ಲಿ, ಅಂದರೆ ಹಾವಿನಂತೆ ಸುತ್ತುವ ಕಾಲುದಾರಿಯಲ್ಲಿ, ಇಳಿಯುತ್ತಿದ್ದೆವು. ಮಾರ್ಚ್ 1ರಿಂದ ಸರ್ಪದಾರಿಯಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುತ್ತೇವೆ. ನಡಿಗೆ ಶುರುವಾಗುವುದು ಒಂಬತ್ತಕ್ಕಲ್ಲ, ಬೆಳಗಿನ ಆರೂಕಾಲಿಗೆ. ಚಿಕ್ಕಮಗಳೂರು ಬಸ್ ನಿಲ್ದಾಣದಿಂದ ಜೀಪು ಐದೂಕಾಲಿಗೆ ಹೊರಡುತ್ತದೆ, ತಡವಾದವರಿಗೆ ಕಾಯುವುದಿಲ್ಲ.

ಹೊತ್ತು ಬದಲಿಸಿದ್ದು ಸಿಡಿಲಿನ ಕಾರಣಕ್ಕೆ. 1930 ಮೀಟರ್ ಎತ್ತರದ ಈ ಗಿರಿ ರಾಜ್ಯದಲ್ಲೇ ಎತ್ತರದ್ದು, ಮೇಲೆಲ್ಲ ಬೋಳು ಹುಲ್ಲು. ಶೋಲಾ ಎನ್ನುವ ಗಿಡ್ಡ ಮರಗಳ ದಟ್ಟ ಕಾಡು ಇರುವುದು ಕಣಿವೆಗಳ ಸಂದಿಯಲ್ಲಿ ಮಾತ್ರ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೂ, ಬಿಸಿಲೇರಿದಂತೆ ಕಾದ ಗಾಳಿ ಗುಡ್ಡದ ಮೈ ಹಿಡಿದು ಮೇಲೇರಿ ಮೋಡ ಕಟ್ಟುತ್ತದೆ. ಮಧ್ಯಾಹ್ನ ದಾಟಿದರೆ ಗುಡುಗು. ಆಗ ಗುಡ್ಡದ ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವವರು ನಾವೇ. ಒಂಬತ್ತರೊಳಗೆ ತುದಿ ಮುಟ್ಟಿ, ಹತ್ತೂವರೆಗೆ ಜೀಪು ಸೇರಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ ಎಂದರ್ಥ. ಅಲ್ಲಿಂದ ಮುಂದೆ ಮಾರ್ಗದರ್ಶಿಯ ಮಾತೇ ಕೊನೆ, ತುದಿ ನೂರು ಮಾರು ದೂರವಿದ್ದರೂ ಸರಿ.

ದಾರಿ ತಿರುಗಿಸಿದ್ದಕ್ಕೆ ಎರಡು ಕಾರಣ. ಸರ್ಪದಾರಿಯ ಕಡಿದಾದ ಕಡೆ ಬಿಡಿ ಗರಸು, ಅದರ ಪಕ್ಕ ಒಣಗಿ ಮಲಗಿದ ಹುಲ್ಲು. ಹತ್ತುವಾಗ ಮುಂಗಾಲಿನ ಮೇಲೆ ಭಾರ ಬಿದ್ದು ಕಾಲು ಕಚ್ಚುತ್ತದೆ. ಇಳಿಯುವಾಗ ಹೆದರಿ ಹಿಂದಕ್ಕೆ ವಾಲಿದರೋ, ಹಿಮ್ಮಡಿ ಜಾರಿ ಕೂತಲ್ಲೇ ಕೂತಂತೆ ಕೆಳಗೆ. ಗರಸಿಗಿಂತ ಹುಲ್ಲೇ ಮೋಸ: ಮೆತ್ತಗಿದೆ ಎಂದು ಕಾಲಿಡುತ್ತಾರೆ, ಅದು ಚಾಪೆಯಂತೆ ಸರಿಯುತ್ತದೆ. ಇನ್ನೊಂದು, ಮಳೆ ಬಂದರೆ ತುದಿಯಿಂದ ಬೇಗ ಸಿಗುವ ಆಸರೆ ಮೆಟ್ಟಿಲ ಬುಡದ ರಸ್ತೆಯಲ್ಲಿ ನಿಂತ, ತಗಡಿನ ಮುಚ್ಚಿಗೆಯ ಗಾಡಿ. ಸುಮಾರು 500 ಮೆಟ್ಟಿಲು, ಮಂಡಿ ನೋವಿದ್ದವರು ನಿಧಾನಕ್ಕೆ ಇಳಿಯಿರಿ.

ತಂಡ 20ರಿಂದ 12ಕ್ಕೆ ಇಳಿದಿದೆ, ಹಾಗಾಗಿ ಶುಲ್ಕ 650 ರೂಪಾಯಿಯಿಂದ 850 ಆಗಿದೆ. ಮಂಜು ಮುಸುಕಿದಾಗ ದೊಡ್ಡ ತಂಡದ ಬಾಲ ತಲೆಗೆ ಕಾಣುವುದಿಲ್ಲ, ಕೂಗಿದರೆ ಗಾಳಿ ನುಂಗುತ್ತದೆ. ನಡುವೆ ದನಗಳ ಕಾಲುದಾರಿ ಕವಲೊಡೆದಲ್ಲೇ ಜನ ತಪ್ಪಿಹೋಗುವುದು. ಮುಂದೊಬ್ಬ, ಹಿಂದೊಬ್ಬ ಮಾರ್ಗದರ್ಶಿ ಇರುತ್ತಾರೆ. ಮೂರು ಸೀಟಿ ಕೇಳಿದರೆ ನಿಂತಲ್ಲೇ ನಿಲ್ಲಿ.

ಸೂಫಿ ಸಂತ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಕಥೆಯನ್ನು ಇನ್ನು ತುದಿಯಲ್ಲಿ ಹೇಳುವುದಿಲ್ಲ, ಕೆಳಗೆ ತೋಟಗಳು ಕಾಣುವ ಮೊದಲ ತಿರುವಿನಲ್ಲೇ. ಮೇಲಿನ ಗಾಳಿಯಲ್ಲಿ ಅರ್ಧ ಕಥೆ ಯಾರಿಗೂ ಕೇಳುತ್ತಿರಲಿಲ್ಲ.

ದಾರಿಯಲ್ಲಿ ನೀರಿಲ್ಲ, ತಲಾ ಎರಡು ಲೀಟರ್ ತನ್ನಿ. ತಳ ಸವೆದ ಶೂ ಹಾಕಿ ಬಂದರೆ ಹತ್ತಿಸುವುದಿಲ್ಲ. ಕಡುಬು, ಚಟ್ನಿ ಇಳಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಚಾರಣ ಬಂದ್.

ಈಗಾಗಲೇ ಹಳೆಯ ದರದಲ್ಲಿ ಹಣ ಕಟ್ಟಿದವರು ಹೆಚ್ಚಿಗೆ ಕೊಡಬೇಕಿಲ್ಲ. ಹೊಸ ಹೊತ್ತು ಹೊಂದದಿದ್ದರೆ ಫೆಬ್ರವರಿ 20ರೊಳಗೆ ತಿಳಿಸಿ, ಪೂರ್ತಿ ಹಣ ವಾಪಸ್. ಸಿಡಿಲಿನಿಂದ ಅರ್ಧಕ್ಕೇ ಇಳಿದರೆ ಹಣ ಮರಳದು, ಆದರೆ ಅದೇ ಋತುವಿನಲ್ಲಿ ಇನ್ನೊಂದು ದಿನ ಬರಬಹುದು. ಆ ದಿನದ ಜೀಪಿನ ಬಾಡಿಗೆ ಮಾತ್ರ ನಿಮ್ಮದು.

ಇಂತಿ,
ಚಾರಣ ಮಾರ್ಗದರ್ಶಿಗಳ ಸಹಕಾರಿ ಬಳಗ, ಚಿಕ್ಕಮಗಳೂರು