ಮಿಲ್ಲಿನ ತಕ್ಕಡಿ

ಪ್ರಿಯ ಗೆಳೆಯ,

ನಮ್ಮ ಅಕ್ಕಿ ಮಿಲ್ಲಿನ ಹೆಂಚು ಇಳಿಸುತ್ತಿದ್ದಾರೆ. ಸೋಮವಾರ ಬೆಳಿಗ್ಗೆ ಹಾಲಿಗೆಂದು ಹೋದವನು ಅಲ್ಲೇ ನಿಂತುಬಿಟ್ಟೆ. ಅರ್ಧ ಮಾಡು ಆಗಲೇ ಬಯಲಾಗಿತ್ತು. ತೊಲೆಗಳಿಗೆ ಗಿರಾಕಿ ಗೊತ್ತಾಗಿದೆ, ಜಾಗದಲ್ಲಿ ಅಡಿಕೆ ಸುಲಿಯುವ ಯಂತ್ರದ ಶೆಡ್ಡು ಏಳುತ್ತದಂತೆ. ಫೋನು ಮಾಡಿ ಹೇಳಬಹುದಿತ್ತು. ಆದರೆ ಅಲ್ಲಿ ಕುಳಿತಿದ್ದಾಗ ನಿನ್ನ ಅಪ್ಪಯ್ಯನ ಬಗ್ಗೆ ಒಂದು ವಿಷಯ ಕಿವಿಗೆ ಬಿತ್ತು. ಅದನ್ನು ಬರೆದೇ ತಿಳಿಸಬೇಕು ಅನ್ನಿಸಿತು. ಬೇರೆ ಬೇರೆ ಊರು ಸೇರಿರುವ ನಮ್ಮ ಕೇರಿಯವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಪಹಣಿಯಲ್ಲಿ ನಮ್ಮೂರಿಗೆ ಬೇರೆಯೇ ಹೆಸರಿದೆ. ಸಾಗರದ ಬಸ್ಸಿನ ಕಂಡಕ್ಟರು ಮಾತ್ರ ಇವತ್ತಿಗೂ ‘ಮಿಲ್ಲು, ಮಿಲ್ಲು’ ಎಂದೇ ಕೂಗುತ್ತಾನೆ. ತಪ್ಪೇನಿಲ್ಲ. ಮಿಲ್ಲು ಬರುವ ಮುಂಚೆ ಇಲ್ಲಿದ್ದದ್ದು ಒಂದು ಕೆರೆ, ನಾಲ್ಕಾರು ಮನೆ, ಗಾಡಿದಾರಿ. ಭತ್ತ ಅಕ್ಕಿಯಾಗಬೇಕೆಂದರೆ ಒರಳಿಗೆ ಸುರಿದು ಒನಕೆ ಹಿಡಿಯಬೇಕಿತ್ತು. ಎದುರುಬದುರು ನಿಂತು, ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಬೀಳಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಬಾಣಂತಿತನ ಮುಗಿಸಿ ಎದ್ದ ತಿಂಗಳಿಗೇ ಕುಟ್ಟಲು ನಿಂತಿದ್ದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕೈಕುಟ್ಟಿನ ಅಕ್ಕಿ ದೇಹಕ್ಕೆ ಒಳ್ಳೆಯದೆಂದು ಈಗ ಪೇಟೆಯಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ಅಕ್ಕಿ ಒಳ್ಳೆಯದೇ ಇರಬಹುದು, ಅದನ್ನು ಕುಟ್ಟಿದವರ ರಟ್ಟೆಯನ್ನು ನಾನು ಮರೆಯಲಾರೆ.

ಇನ್ನೊಂದು ನೋವು ಅಳತೆಯದು. ನಮ್ಮ ಸೀಮೆಯಲ್ಲಿ ಆಗ ಭತ್ತಕ್ಕೆ ಕೊಳಗವೆಂಬ ಅಳತೆಪಾತ್ರೆಯೇ ಲೆಕ್ಕ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಉಳಲು ಕೊಟ್ಟ ಗದ್ದೆಗೆ ಪಾಲಾಗಿ ಬರಬೇಕಾದ ಗೇಣಿ ಅಳೆದುಕೊಳ್ಳುವಾಗ ಒಡೆಯರ ಮನೆಯಿಂದ ದೊಡ್ಡ ಕೊಳಗ ಹೊರಗೆ ಬರುತ್ತಿತ್ತು. ಮಳೆಗೆ ನೆನೆದು ಬೆಳೆದವನು ತನ್ನ ಭತ್ತ ಎಷ್ಟೆಂದು ತಾನೇ ಹೇಳುವಂತಿರಲಿಲ್ಲ. ನಮ್ಮ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತದ್ದು ಈ ಕೊಳಗದ ಮೋಸದ ವಿರುದ್ಧವೇ. ಉಳುತ್ತಿದ್ದ ಗದ್ದೆಗೆ ಕಾಲಿಟ್ಟದ್ದಕ್ಕೆ ಸಾಲುಸಾಲಾಗಿ ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ದೇಶಕ್ಕೇ ಕಾಗೋಡಿನ ಹೆಸರು ತಿಳಿಯಿತು. ಮರುವರ್ಷವೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಈ ಭಾಗದಿಂದ ಗೆದ್ದು ವಿಧಾನಸಭೆಗೆ ಹೋದರು.

ಅದಾಗಿ ಕೆಲವು ವರ್ಷಕ್ಕೆ ನಮ್ಮೂರಿಗೆ ಮಿಲ್ಲು ಬಂತು. ಹಾಕಿಸಿದವರೂ ಜಮೀನುದಾರರೇ. ಒಂದು ಡೀಸೆಲ್ ಎಂಜಿನ್, ಭತ್ತದ ಹೊಟ್ಟು ಬಿಡಿಸುವ ಒಂದು ಹಲ್ಲರ್, ಎರಡಕ್ಕೂ ಸೇರಿಸಿ ಕೋಣೆಯುದ್ದದ ಒಂದು ಬೆಲ್ಟು, ಅಷ್ಟೇ. ಹಿಂದೆಯೇ ಚಹಾದ ಅಂಗಡಿ, ಕಮ್ಮಾರಸಾಲೆ, ಗಾಡಿ ಬಿಡುವ ಬಯಲು, ಮೂಟೆ ಹೊರಲು ಘಟ್ಟದ ಕೆಳಗಿನಿಂದ ಬಂದವರ ಸಾಲುಮನೆಗಳು ಬಂದವು. ಆ ಸಾಲುಮನೆಗಳಲ್ಲೇ ಅಲ್ಲವೇ ನೀನೂ ನಾನೂ ಹುಟ್ಟಿದ್ದು.

ನಿನ್ನ ಅಪ್ಪಯ್ಯ ತೂಕಕ್ಕೆ ನಿಲ್ಲುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಭತ್ತ ತೆಗೆಯುತ್ತಿದ್ದರು. ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿಗಿಟ್ಟು ಕಡಿಯುತ್ತಿದ್ದರು. ಕಟಕ್ ಎಂದರೆ ಸರಿ. ಮೆತ್ತಗಾದರೆ, “ಇನ್ನೆರಡು ಬಿಸಿಲು ತೋರಿಸಿ ತನ್ನಿ” ಎಂದು ಕಟ್ಟಿಕೊಡುತ್ತಿದ್ದರು. ಹಸಿ ಭತ್ತ ಹಲ್ಲರಿಗೆ ಹೋದರೆ ಅರ್ಧಕ್ಕರ್ಧ ನುಚ್ಚಾಗುತ್ತದೆ, ನಷ್ಟ ತಂದವನಿಗೇ. ಆಮೇಲೆ ತಕ್ಕಡಿ. ತೊಲೆಗೆ ಸರಪಳಿಯಲ್ಲಿ ತೂಗುಬಿಟ್ಟ ಆ ದೊಡ್ಡ ತಕ್ಕಡಿಯ ಎರಡೂ ತಟ್ಟೆಗಳನ್ನು ಮೊದಲು ಬರಿದಾಗಿ ಎತ್ತುತ್ತಿದ್ದರು. ಮುಳ್ಳು ನಡುವೆ ಬಂದು ನಿಲ್ಲುವ ತನಕ ಕಾಯುತ್ತಿದ್ದರು. ಭತ್ತ ತಂದವನು ‘ಹ್ಞೂಂ’ ಎಂದ ಮೇಲೆಯೇ ಕಲ್ಲು ಇಡುತ್ತಿದ್ದದ್ದು. ಮಕ್ಕಳ ಕೈಯಲ್ಲಿ ಐದು ಸೇರು ಕಳಿಸಿದ್ದರೂ ಆ ಪದ್ಧತಿ ತಪ್ಪುತ್ತಿರಲಿಲ್ಲ.

1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದು, ಲೆಕ್ಕದ ಪುಸ್ತಕದಲ್ಲಿ ಸೇರು, ಮಣದ ಜಾಗಕ್ಕೆ ಕಿಲೋ ಕುಳಿತಿತು. ಜನರ ಬಾಯಿಂದ ಮಾತ್ರ ಸೇರು ಬಹಳ ಕಾಲ ಹೋಗಲಿಲ್ಲ. ಸರ್ಕಾರಕ್ಕೆ ಕಡ್ಡಾಯ ಪಾಲಾಗಿ ಲೆವಿ ಅಕ್ಕಿ ಕೊಡುವ ಕಾಲ, ಕರೆಂಟು ಬಂದು ಮೋಟಾರು ಕೂರಿಸಿದ ಕಾಲ, ಅವೆಲ್ಲ ನಿನಗೆ ಗೊತ್ತಿರುವುದೇ.

ಗೊತ್ತಿರಲಾರದ ವಿಷಯ ಇದು. ಹೆಂಚು ಇಳಿಸುವುದನ್ನು ನೋಡುತ್ತ ಕಟ್ಟೆಯ ಮೇಲೆ ಹಿರಿಯರೊಬ್ಬರು ಕುಳಿತಿದ್ದರು. ಒಂದು ಕಾಲದಲ್ಲಿ ಗೇಣಿಗೆ ಉಳುತ್ತಿದ್ದವರು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿ ಭೂಮಿ ಉಳುವವನಿಗೇ ಎಂದಾದಾಗ ಅವರೂ ಹಕ್ಕು ಕೇಳಿ ಏಳನೇ ನಂಬರಿನ ಫಾರಂ ಹಾಕಿದ್ದರು. ಉಳುತ್ತಿದ್ದದ್ದು ತಾವೇ ಎನ್ನಲು ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ, ಗೇಣಿ ಮಾತೆಲ್ಲ ಬಾಯಿಮಾತು. ಆಗ ನಿನ್ನ ಅಪ್ಪಯ್ಯ ಭೂನ್ಯಾಯಮಂಡಳಿಯ ಮುಂದೆ ನಿಂತು, “ಪ್ರತಿ ಸುಗ್ಗಿಯಲ್ಲೂ ಈ ಗದ್ದೆಯ ಭತ್ತ ತಂದವರು ಇವರೇ, ತೂಗಿದವನು ನಾನು” ಎಂದು ಹೇಳಿದರಂತೆ. ಸಂಬಳ ಕೊಡುವ ಧಣಿಯ ನೆಂಟರದೇ ಗದ್ದೆ ಅದು. ಮರುದಿನ ಎಂದಿನಂತೆ ಬಂದು ತಕ್ಕಡಿಯ ಬಳಿ ನಿಂತರಂತೆ. ಇದನ್ನು ಹೇಳುವಾಗ ಆ ಹಿರಿಯರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ನಿನ್ನ ಅಪ್ಪಯ್ಯ ಮನೆಯಲ್ಲಿ ಒಂದು ದಿನವಾದರೂ ಈ ಮಾತು ಎತ್ತಿದ್ದರೇ? ನಮ್ಮ ಮನೆಯಲ್ಲಂತೂ ಯಾರಿಗೂ ಗೊತ್ತಿರಲಿಲ್ಲ.

ಜಮೀನು ಸಿಕ್ಕವರ ಮಕ್ಕಳು ಓದಿದರು. ನಾಟಿಗೆ ಆಳು ಸಿಗದಾಯಿತು, ಅಡಿಕೆಗೆ ಬೆಲೆ ಬಂತು. ಮಿಲ್ಲಿನ ಹಿಂದಿನ ಬಯಲಿನಲ್ಲಿ ಗದ್ದೆಯ ಬದು ಒಡೆದು, ಬಸಿಗಾಲುವೆ ತೆಗೆದು, ಅಡಿಕೆ ಸಸಿ ನೆಟ್ಟರು. ವರದಾ ಹೊಳೆಯ ನೆರೆಯಲ್ಲಿ ಮುಳುಗಿದ್ದೂ ಬದುಕುತ್ತಿದ್ದ ನೆರೆಗುಳಿ ಭತ್ತ, ಬೆಂದರೆ ಓಣಿಗೆಲ್ಲ ಪರಿಮಳ ಬೀರುತ್ತಿದ್ದ ಗಂಧಸಾಲೆ, ಈಗ ಹುಡುಕಿಕೊಂಡು ಹೋಗಬೇಕು. ಪಡಿತರದ ಅಕ್ಕಿ ಬರುತ್ತದೆ, ಉಳಿದದ್ದು ಅಂಗಡಿಯ ಪಾಲಿಶ್ ಅಕ್ಕಿ. ತರುವ ಭತ್ತವೇ ಇಲ್ಲದ ಮೇಲೆ ಮಿಲ್ಲು ಏನು ಮಾಡೀತು? ಅಡಿಕೆ ಹಾಕಿದವರನ್ನು ನಾನು ದೂರುವುದಿಲ್ಲ, ನಾನೂ ಒಂದು ಎಕರೆ ಹಾಕಿದ್ದೇನೆ. ಆದರೆ ಸುಗ್ಗಿಯಲ್ಲಿ ಊರಿನ ಮೇಲೆಲ್ಲ ಕವಿಯುತ್ತಿದ್ದ ತೌಡಿನ ಆ ಬೆಚ್ಚನೆಯ ವಾಸನೆ ಇನ್ನಿಲ್ಲ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಲ್ಲರನ್ನು ಗುಜರಿಯವರು ಒಯ್ದರು. ತಕ್ಕಡಿಯನ್ನು ನಾನು ಬಿಡಲಿಲ್ಲ. ಕಬ್ಬಿಣದ ಬೆಲೆ ಕೊಟ್ಟು ತಂದು ಜಗುಲಿಯಲ್ಲಿ ಇಟ್ಟುಕೊಂಡಿದ್ದೇನೆ. ನಿನ್ನೆ ತೂಕದ ಕಲ್ಲುಗಳನ್ನು ಸೀಮೆಎಣ್ಣೆ ಹಾಕಿ ತಿಕ್ಕಿದೆ. ಮಗುಚಿ ನೋಡಿದರೆ ತಳದ ಕುಳಿಯಲ್ಲಿ ಸೀಸ ತುಂಬಿದೆ, ಅದರ ಮೇಲೆ ಇಲಾಖೆಯವರು ಪರೀಕ್ಷಿಸಿ ಒತ್ತಿದ ಮುದ್ರೆಗಳು ಒಂದರ ಮೇಲೊಂದು ಹಾಗೆಯೇ ಇವೆ. ಇದು ಸೇರಬೇಕಾದದ್ದು ನಿಮ್ಮ ಮನೆಗೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಜಾಗವಿಲ್ಲ ಎನ್ನಬೇಡ. ಜಾಗವಾಗುವ ತನಕ ನನ್ನ ಜಗುಲಿಯಲ್ಲಿರಲಿ. ತಲಗುಪ್ಪ ರೈಲು ಹತ್ತಿ ಬಂದು ಒಮ್ಮೆ ನೋಡಿಕೊಂಡು ಹೋಗು.

ಒಂದು ಮಾತು ಮರೆತಿದ್ದೆ. ಐದು ಕಿಲೋದ ಕಲ್ಲು ಸಿಗುತ್ತಿಲ್ಲ. ನೀವು ಮನೆ ಖಾಲಿ ಮಾಡುವಾಗ ಉಪ್ಪಿನಕಾಯಿ ಭರಣಿಯ ಮೇಲೆ ಅಂಥದೊಂದು ಹೇರಿಟ್ಟದ್ದನ್ನು ನೋಡಿದ ನೆನಪು. ಅಮ್ಮನನ್ನು ಕೇಳು, ಸಿಕ್ಕರೆ ಬರುವಾಗ ತೆಗೆದುಕೊಂಡು ಬಾ.

ನಿನ್ನ ಗೆಳೆಯ