ತಾತನ ತಪ್ಪುಗಳ ಪುಸ್ತಕ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ತಾತ ನಿಂಗೆ ಯಾವತ್ತಾದ್ರೂ ಹೊಡೆದಿದ್ರಾ ಅಮ್ಮ?" ಅಂತ ಕೇಳಿದೆಯಲ್ಲ, ಇಲ್ಲ ಅಂದು ಸುಮ್ಮನಾಗಿಬಿಟ್ಟೆ. ಪಕ್ಕದಲ್ಲೇ ಅಜ್ಜಿ ಇದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ತಿಪಟೂರಿನ ಮನೆಯ ಅಟ್ಟದಿಂದ ಒಂದು ಟ್ರಂಕು ಇಳಿಸಿದೆವು. ಒಳಗೆ 11 ಲಾಂಗ್ ನೋಟ್‌ಬುಕ್. ಪ್ರತಿ ರಟ್ಟಿನ ಮೇಲೂ ಅಪ್ಪನ ದುಂಡು ಅಕ್ಷರದಲ್ಲಿ 'ತಪ್ಪುಗಳು' ಅಂತ ಇತ್ತು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಅಷ್ಟೂ ವರ್ಷ, ಹುಡುಗರ ಉತ್ತರಪತ್ರಿಕೆಗಳಲ್ಲಿ ತಮಗೆ ಇಷ್ಟವಾದ ತಪ್ಪುಗಳನ್ನು ಬರೆದಿಟ್ಟುಕೊಂಡಿದ್ದಾರೆ. ಹೌದು ಕಣೇ, ಇಷ್ಟವಾದ ತಪ್ಪುಗಳು! ಹುಡುಗರ ಹೆಸರು ಎಲ್ಲೂ ಇಲ್ಲ. ತಾರೀಖು, ತಪ್ಪು, ಕೆಳಗೆ ಅಪ್ಪನದೊಂದು ಸಾಲು.

ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದಾನೆ. ಅಪ್ಪ ಅವನನ್ನು ಕರೆದು ಕೇಳಿರಬೇಕು, ಅವನ ಉತ್ತರವೂ ಪಕ್ಕದಲ್ಲೇ ಇದೆ: "ಎರಡು ಮ್ಯಾಚಲ್ಲಿ ಒಂದು ಗೆದ್ವಿ ಸಾರ್, ಆಮೇಲೆ ಮೂರರಲ್ಲಿ ಒಂದು. ಒಟ್ಟು ಐದರಲ್ಲಿ ಎರಡು." ಅಪ್ಪನ ಸಾಲು: "ಕಬಡ್ಡಿ ಲೆಕ್ಕಕ್ಕೆ ಸರಿ. ರೊಟ್ಟಿ ಲೆಕ್ಕಕ್ಕೆ ತಪ್ಪು." ಇನ್ನೊಬ್ಬಳು 16/64ರಲ್ಲಿ ಮೇಲಿನ 6, ಕೆಳಗಿನ 6 ಎರಡನ್ನೂ ಹೊಡೆದುಹಾಕಿ 1/4 ಅಂದಿದ್ದಾಳೆ. ಉತ್ತರ ಸರಿಯಾಗೇ ಇದೆ ನೋಡು! ಅದಕ್ಕೆ "ದಾರಿ ತಪ್ಪು, ಊರು ಸರಿ. ಅರ್ಧ ಮಾರ್ಕು."

ನನ್ನದೂ ಸಿಕ್ಕಿತು. ಎಂಟನೇ ಕ್ಲಾಸಿನ ಅರ್ಧವಾರ್ಷಿಕದಲ್ಲಿ ನನಗೆ ಲೆಕ್ಕದಲ್ಲಿ 28. ಪೇಪರ್ ತಿದ್ದಿದ್ದು ಅಪ್ಪನೇ. (a+b)² ಅಂದರೆ a²+b² ಅಂತ ನಾನು ಧೈರ್ಯವಾಗಿ ಬರೆದಿದ್ದೆ. ರಾತ್ರಿ ಊಟ ಆದಮೇಲೆ ಅಪ್ಪ ಹುಣಸೆ ಬೀಜದ ಡಬ್ಬ ತಂದು ಕೂತರು. ಸಾಲಿಗೆ ಐದರಂತೆ ಐದು ಸಾಲು, ಒಟ್ಟು 25 ಬೀಜ. ಒಂದು ಮೂಲೆಯಿಂದ ಮೂರು ಸಾಲಿನ 9 ಬೀಜ ತೆಗೆಸಿದರು, ಅದರ ಎದುರು ಮೂಲೆಯಿಂದ 4. "ನಿನ್ನ ಲೆಕ್ಕದ ಪ್ರಕಾರ ಇಷ್ಟೇ ಇರಬೇಕಿತ್ತು. ಉಳಿದಿರೋ 12 ಯಾರದು?" ನಾನು ಅಳುತ್ತಾ ಕೂತೆ. ಅವರು ಕಾಯುತ್ತಾ ಕೂತರು. ಆರಾರು ಬೀಜದ ಎರಡು ಗುಂಪು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಹತ್ತು ಗಂಟೆ. ಹೊಡೆದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು ಅಂತ ಆಗ ಅನ್ನಿಸಿತ್ತು. ನೋಟ್‌ಬುಕ್ಕಿನಲ್ಲಿ "ಮನೆಯದೇ ತಪ್ಪು. 12 ಬೀಜ ಸಿಕ್ಕಿದವು" ಅಂತಿದೆ.

ಅಪ್ಪನ ಬಸ್ ಟಿಕೆಟ್ ಹುಚ್ಚು ನಿನಗೂ ಗೊತ್ತಲ್ವಾ? ನಂಬರಿನ ಕೊನೆಯ ನಾಲ್ಕು ಅಂಕಿ. ನಾಲ್ಕೂ ಒಂದೇ ಇರಬಾರದು, ಅಷ್ಟೇ. 3524 ಅಂತ ಇಟ್ಟುಕೋ. ದೊಡ್ಡದರಿಂದ ಜೋಡಿಸಿದರೆ 5432, ಚಿಕ್ಕದರಿಂದ 2345, ಕಳೆದರೆ 3087. ಮತ್ತೆ 8730ರಲ್ಲಿ 0378 ಹೋದರೆ 8352. ಆಮೇಲೆ 8532ರಲ್ಲಿ 2358 ಹೋದರೆ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ ಅದೇ 6174. ಯಾವ ಸಂಖ್ಯೆ ಹಿಡಿದರೂ ಏಳು ಸಲ ಕಳೆಯುವಷ್ಟರಲ್ಲಿ ಅಲ್ಲಿಗೇ ಬರುತ್ತದೆ. ಇದನ್ನು ಕಂಡುಹಿಡಿದ ಕಾಪ್ರೇಕರ್ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರು. "ನಮ್ಮ ಜಾತಿಯವರು" ಅನ್ನುತ್ತಿದ್ದರು ಅಪ್ಪ. ಜಾತಿ ಅಂದರೆ ಮೇಷ್ಟ್ರ ಜಾತಿ. ಒಂದು ಸಲ ತುಮಕೂರಿನಿಂದ ಬರುವಾಗ ಕಂಡಕ್ಟರಿಗೂ ಇದನ್ನು ಹೇಳಿಕೊಡುತ್ತಾ ಕೂತು, ತಿಪಟೂರು ದಾಟಿ ಅರಸೀಕೆರೆಯಲ್ಲಿ ಇಳಿದಿದ್ದರು. ಕಂಡಕ್ಟರೂ ಮರೆತಿದ್ದ!

1994ರಲ್ಲಿ, 58 ತುಂಬಿ ರಿಟೈರ್ ಆದಮೇಲೆ ಭಾನುವಾರದ ಉಪ್ಪಿಟ್ಟು ಅವರ ಪಾಲಿಗೆ ಬಂತು. ಅಜ್ಜಿಗೆ ಅವತ್ತು ಜಗಲಿಯಲ್ಲಿ ಕೂತು 'ಸುಧಾ' ಓದುವ ರಜೆ. ರವೆ ಒಂದಕ್ಕೆ ನೀರು ಎರಡೂವರೆ ಅಂತ ಅಡುಗೆಮನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬೈಸಿಕೊಂಡರು. ನಿನ್ನ ನಾಮಕರಣದ ದಿನ ಮೂವತ್ತು ಜನಕ್ಕೂ ಅದೇ ಲೆಕ್ಕ ಹಿಡಿದರು. ಉಪ್ಪಿಟ್ಟು ಹೋಗಿ ಗಂಜಿಯಾಯಿತು. ನೆಂಟರ ಮುಂದೆ ಅಜ್ಜಿಗೆ ಮುಖ ಎತ್ತಲಾಗಲಿಲ್ಲ. ಅಪ್ಪ ಮಾತ್ರ ಖುಷಿಯಾಗಿದ್ದರು. ಕೊನೆಯ ನೋಟ್‌ಬುಕ್ಕಿನಲ್ಲಿ ಅದೂ ಇದೆ: "ಸ್ವಂತ ತಪ್ಪು. ಪಾತ್ರೆ ದೊಡ್ಡದಾದಷ್ಟೂ ಆವಿ ಹೆಚ್ಚುವುದಿಲ್ಲ. ನೀರು ಕಡಿಮೆ ಸಾಕು."

ಅದೇ ಪುಸ್ತಕದಲ್ಲಿ ನೀನೂ ಇದ್ದೀಯ. ಎಲ್‌ಕೆಜಿಯಲ್ಲಿ ಎಣಿಸುತ್ತಾ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ಹತ್ತು, ಇಪ್ಪತ್ಹನ್ನೊಂದು ಅಂದಿದ್ದೆಯಂತೆ. ಕೆಳಗೆ: "ಮೊಮ್ಮಗಳು ಸರಿಯಾಗೇ ಹೋಗುತ್ತಿದ್ದಳು. ಈ ಮೂವತ್ತು ಎಲ್ಲಿಂದ ಅಡ್ಡ ಬಂತು?"

ಪುಸ್ತಕಗಳನ್ನು ಕೊರಿಯರ್ ಮಾಡು ಅಂತಾರೆ ನಿಮ್ಮಪ್ಪ. ನಾನು ಕಳಿಸಲ್ಲ. ದೀಪಾವಳಿಗೆ ಬಾ, ಇಲ್ಲೇ ಕೂತು ಓದು.

ಇವತ್ತು ಭಾನುವಾರ. ಅಜ್ಜಿ ಎಂದಿನಂತೆ 'ಸುಧಾ' ಹಿಡಿದು ಜಗಲಿಯಲ್ಲಿ ಕೂತರು. ಒಂಬತ್ತಾದರೂ ಏಳಲಿಲ್ಲ, ಪುಟವನ್ನೂ ತಿರುವಲಿಲ್ಲ. ನಾನೇ ಒಳಗೆ ಹೋಗಿ ರವೆ ಹುರಿದೆ. ಒಂದಕ್ಕೆ ಎರಡೂವರೆ.

ನಿನ್ನ
ಅಮ್ಮ