ಮೊಡವೆ ಬಿಟ್ಟುಹೋದ ಗುರುತುಗಳ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರವೂ ಅದರ ಜೊತೆಗಿದ್ದ ಫೋಟೋಗಳೂ ತಲುಪಿದವು. ಮುಖದ ಮೇಲಿನ ಮೊಡವೆಯ ಗುರುತುಗಳನ್ನೆಲ್ಲ ಆದಷ್ಟು ಬೇಗ ಅಳಿಸಿಹಾಕುವ ಒಂದು ಕ್ರೀಮಿನ ಹೆಸರು ಹೇಳೆಂದು ಕೇಳಿದ್ದೀಯ. ಅಂಥ ಕ್ರೀಮು ಇಲ್ಲ. ಇದೆ ಎಂದು ಹೇಳಿ ಮಾರುವವರನ್ನು ದಯವಿಟ್ಟು ನಂಬಬೇಡ. ನಿನ್ನ ಫೋಟೋಗಳಲ್ಲಿ ನನಗೆ ಕಂಡದ್ದು ಒಂದು ತೊಂದರೆಯಲ್ಲ, ಮೂರು: ಗದ್ದದ ಬಳಿ ಈಗಲೂ ಏಳುತ್ತಿರುವ ಮೊಡವೆಗಳು, ಕೆನ್ನೆಯ ತುಂಬ ಹರಡಿರುವ ಕಂದು ಕಲೆಗಳು, ಕಣತಲೆಯ ಹತ್ತಿರ ಬೆಳಕು ಓರೆಯಾಗಿ ಬಿದ್ದಾಗ ಎದ್ದು ತೋರುವ ಕುಳಿಗಳು. ಮೂರರ ಮೂಲ ಒಂದೇ ಆದರೂ ಚಿಕಿತ್ಸೆಗಳು ಬೇರೆ ಬೇರೆ. ಬಹಳ ಜನರು ವರ್ಷಗಟ್ಟಲೆ ಹಣವನ್ನೂ ಧೈರ್ಯವನ್ನೂ ಕಳೆದುಕೊಳ್ಳುವುದು ಕುಳಿಗೆ ಕಲೆಯ ಔಷಧವನ್ನು ಹಚ್ಚುತ್ತ ಕಾಯುವುದರಿಂದ. ನಾನು ವೈದ್ಯನಲ್ಲ. ಇಂಥದೇ ಕುಳಿಗಳಿಗೆ ದೀರ್ಘಕಾಲ ಚಿಕಿತ್ಸೆ ಪಡೆದವನು, ಪ್ರತಿ ಹಂತದಲ್ಲೂ ಯಾವುದು ಏಕೆ ಎಂದು ಕೇಳಿ, ಓದಿ ತಿಳಿದುಕೊಂಡವನು. ಆ ನೆಲೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕನ್ನಡಿಯ ಮುಂದೆ ನಿಂತು ಕಲೆ ಯಾವುದು, ಕುಳಿ ಯಾವುದು ಎಂದು ಬೇರ್ಪಡಿಸಿಕೊ. ಬೆರಳಿನಿಂದ ಸವರಿದಾಗ ಚರ್ಮ ಮಟ್ಟಸವಾಗಿದ್ದು, ಬಣ್ಣ ಮಾತ್ರ ಬೇರೆಯಾಗಿದ್ದರೆ ಅದು ಕಲೆ. ಮೊಡವೆಯ ಉರಿಯೂತದಿಂದ ಕೆರಳಿದ ಜೀವಕೋಶಗಳು ಆ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸಿರುತ್ತವೆ. ಅದು ಹೊರಪದರದಲ್ಲೇ ಉಳಿದಿದ್ದರೆ ಕಲೆ ಕಂದಾಗಿ ಕಾಣುತ್ತದೆ, ಚರ್ಮ ತನ್ನಷ್ಟಕ್ಕೆ ಹೊಸದಾಗುತ್ತ ಹೋದಂತೆ ಕೆಲವು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಒಳಪದರಕ್ಕೆ ಇಳಿದಿದ್ದರೆ ಬೂದು ಅಥವಾ ನೀಲಿ ಛಾಯೆ ಪಡೆದು ವರ್ಷಗಟ್ಟಲೆ ನಿಲ್ಲಬಹುದು. ತಿಳಿ ಮೈಬಣ್ಣದವರಲ್ಲಿ ಹೆಚ್ಚಾಗಿ ಕಾಣುವ ಕೆಂಪು ಗುರುತುಗಳದು ಇನ್ನೊಂದು ಬಗೆ. ಅಲ್ಲಿ ಹಿಗ್ಗಿರುವುದು ಸಣ್ಣ ರಕ್ತನಾಳಗಳಾದ್ದರಿಂದ ಒತ್ತಿದಾಗ ಕೆಂಪು ಕ್ಷಣಕಾಲ ಮರೆಯಾಗುತ್ತದೆ. ಅದೂ ಬಹುಮಟ್ಟಿಗೆ ಕಾಲದೊಂದಿಗೆ ಇಳಿಯುತ್ತದೆ, ಇಳಿಯದೆ ಉಳಿದರೆ ರಕ್ತನಾಳಗಳನ್ನೇ ಗುರಿಯಾಗಿಸುವ ಲೇಸರ್ ಇದೆ. ಕಂದು, ಕೆಂಪು ಎರಡರಲ್ಲಿಯೂ ಚರ್ಮದ ಕಟ್ಟು ಕೆಟ್ಟಿರುವುದಿಲ್ಲ ಎಂಬುದು ದೊಡ್ಡ ಸಮಾಧಾನದ ವಿಷಯ. ನಿನ್ನ ಮುಖದಲ್ಲಿರುವುದರ ಬಹುಪಾಲು ಈ ಬಗೆಯದೇ ಎಂದು ನನಗೆ ತೋರುತ್ತದೆ.

ಕುಳಿ ಹಾಗಲ್ಲ. ಉರಿಯೂತವು ಚರ್ಮದ ಒಳಪದರವನ್ನು ಮುಟ್ಟಿ ಚರ್ಮಕ್ಕೆ ಆಧಾರವಾಗಿರುವ ಅಲ್ಲಿನ ಕೊಲಾಜನ್ ನಾರುಗಳನ್ನು ನಾಶಮಾಡಿ, ದೇಹವು ಆ ನಷ್ಟವನ್ನು ಪೂರ್ತಿಯಾಗಿ ತುಂಬಿಕೊಳ್ಳಲಾರದೆ ಹೋದಾಗ ಮೇಲ್ಮೈ ಕುಸಿಯುತ್ತದೆ. ಚರ್ಮವೈದ್ಯರು ಈ ಕುಳಿಗಳನ್ನು ಮೂರು ಆಕಾರಗಳಾಗಿ ಗುರುತಿಸುತ್ತಾರೆ. 2 ಮಿಲಿಮೀಟರಿಗಿಂತ ಕಿರಿದಾದ ಬಾಯಿಯಿಂದ ಆಳಕ್ಕೆ ಚೂಪಾಗಿ ಇಳಿಯುವುದು ಐಸ್‌ಪಿಕ್. ಅಂಚುಗಳು ನೇರವಾಗಿ ಕಡಿದಂತಿದ್ದು ತಳ ಚಪ್ಪಟೆಯಾಗಿರುವುದು ಬಾಕ್ಸ್‌ಕಾರ್. ಅಗಲವಾಗಿ, ಅಲೆಯಂತೆ ಏರಿಳಿಯುವುದು ರೋಲಿಂಗ್. ಈ ಕೊನೆಯದರಲ್ಲಿ ಚರ್ಮವನ್ನು ಕೆಳಗಿನಿಂದ ಗಟ್ಟಿ ನಾರುಗಳು ಹಿಡಿದು ಎಳೆದಿರುತ್ತವೆ, ಹತ್ತಿಯ ಹಾಸಿಗೆಯಲ್ಲಿ ದಾರ ಹಾಕಿ ಬಿಗಿದ ಕಡೆ ತಗ್ಗು ಬೀಳುವ ಹಾಗೆ. ದಾರ ಕತ್ತರಿಸದೆ ಮೇಲೆ ಏನು ಹಚ್ಚಿದರೂ ತಗ್ಗು ಮೇಲೇಳದು. ಯಾವ ಆಕಾರಕ್ಕೆ ಯಾವ ಚಿಕಿತ್ಸೆ ಎಂಬುದೆಲ್ಲ ಇಲ್ಲಿಂದಲೇ ಹುಟ್ಟುವುದರಿಂದ ಇಷ್ಟು ವಿವರಿಸಿದೆ.

ಆದರೆ ನೀನು ಇಂದೇ ಮಾಡಬೇಕಾದ ಕೆಲಸ ಕಲೆಯದೂ ಅಲ್ಲ, ಕುಳಿಯದೂ ಅಲ್ಲ. ಗದ್ದದ ಮೇಲೆ ಏಳುತ್ತಿರುವ ಹೊಸ ಮೊಡವೆಗಳನ್ನು ನಿಲ್ಲಿಸಬೇಕು. ಒಂದು ಕಡೆ ಹಳೆಯ ಗುರುತು ಮಾಸುತ್ತಿರುವಾಗಲೇ ಇನ್ನೊಂದು ಕಡೆ ಹೊಸದು ಮೂಡುತ್ತಿದ್ದರೆ ಎಷ್ಟು ಚಿಕಿತ್ಸೆ ಮಾಡಿದರೂ ಮುಖ ಇದ್ದಂತೆಯೇ ಕಾಣುತ್ತದೆ. ಇದಕ್ಕೆ ಬುನಾದಿಯೆಂದರೆ ರೆಟಿನಾಯ್ಡ್ ಗುಂಪಿನ ಲೇಪ, ಅಂದರೆ ಅಡಾಪಲೀನ್ ಅಥವಾ ಟ್ರೆಟಿನಾಯಿನ್. ಅದು ರಂಧ್ರಗಳು ಕಟ್ಟಿಕೊಳ್ಳುವುದನ್ನು ತಡೆಯುತ್ತದೆ, ಹೊರಪದರ ಬೇಗ ಹೊಸದಾಗುವಂತೆ ಮಾಡಿ ಕಂದು ಕಲೆಯನ್ನೂ ತಿಳಿಗೊಳಿಸುತ್ತದೆ, ಕೊಲಾಜನ್ ಉತ್ಪತ್ತಿಗೂ ಪ್ರಚೋದನೆ ಕೊಡುತ್ತದೆ. ಶೇ. 0.3 ಅಡಾಪಲೀನ್ ಮತ್ತು ಶೇ. 2.5 ಬೆಂಜಾಯಿಲ್ ಪೆರಾಕ್ಸೈಡ್ ಸೇರಿದ ಜೆಲ್ಲನ್ನು ಮುಖದ ಒಂದು ಬದಿಗೆ, ಔಷಧವಿಲ್ಲದ ಜೆಲ್ಲನ್ನು ಇನ್ನೊಂದು ಬದಿಗೆ 24 ವಾರ ಹಚ್ಚಿ ನೋಡಿದ ಪರೀಕ್ಷೆಯಲ್ಲಿ, ಔಷಧ ಹಚ್ಚಿದ ಬದಿಯ ಕುಳಿಗಳು ಕಡಿಮೆಯಾದವು, ಇನ್ನೊಂದು ಬದಿಯಲ್ಲಿ ಹೆಚ್ಚಾದವು. ಮೊಡವೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ರೆಟಿನಾಯ್ಡನ್ನು ರಾತ್ರಿ ಹಚ್ಚಬೇಕು, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊಡವೆ ಇರುವ ಚುಕ್ಕೆಗಳಿಗೆ ಮಾತ್ರವಲ್ಲ, ಮೊಡವೆ ಏಳುವ ಇಡೀ ಭಾಗಕ್ಕೆ ತೆಳುವಾಗಿ ಸವರಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ, ಸಿಪ್ಪೆಯೆದ್ದು, ಉರಿಯುತ್ತದೆ. ಆಗ ಬಿಟ್ಟುಬಿಡುವವರೇ ಹೆಚ್ಚು. ಎರಡು ಮೂರು ರಾತ್ರಿಗೊಮ್ಮೆ ಆರಂಭಿಸಿ, ಮೇಲೆ ಮಾಯಿಶ್ಚರೈಸರ್ ಹಚ್ಚಿ, ಚರ್ಮ ಒಗ್ಗಿದಂತೆ ಪ್ರತಿ ರಾತ್ರಿಗೆ ಬರುವುದು ಕ್ಷೇಮ. 8ರಿಂದ 12 ವಾರ ಕಳೆಯುವ ಮೊದಲು ಫಲದ ಬಗ್ಗೆ ತೀರ್ಮಾನಕ್ಕೆ ಬರಬೇಡ. ಆಳವಾದ, ನೋಯುವ ಗಂಟುಗಳು ಏಳುತ್ತಿದ್ದರೆ ಲೇಪದಿಂದ ಆಗುವ ಕೆಲಸವಲ್ಲ. ವೈದ್ಯರು ಐಸೋಟ್ರೆಟಿನಾಯಿನ್ ಮಾತ್ರೆಯ ಮಾತೆತ್ತಬಹುದು. ಅಮೆರಿಕದಲ್ಲಿ 1982ರಲ್ಲೇ ಒಪ್ಪಿಗೆ ಪಡೆದ ಈ ಔಷಧ ಬಹಳ ಪರಿಣಾಮಕಾರಿ, ಆದರೆ ರಕ್ತಪರೀಕ್ಷೆ ಮತ್ತು ವೈದ್ಯರ ನಿಗಾ ಇಲ್ಲದೆ ನುಂಗುವಂಥದಲ್ಲ. ಈ ಪತ್ರವನ್ನು ಓದುವ ಹೆಣ್ಣುಮಕ್ಕಳಿಗಾಗಿ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ: ಗರ್ಭದಲ್ಲಿರುವ ಶಿಶುವಿಗೆ ಈ ಮಾತ್ರೆ ಗಂಭೀರ ಅಂಗವೈಕಲ್ಯ ತರಬಲ್ಲದು, ರೆಟಿನಾಯ್ಡ್ ಲೇಪಗಳನ್ನೂ ಗರ್ಭಿಣಿಯರು ಬಳಸಬಾರದು.

ಮೊಡವೆಯನ್ನು ಹಿಸುಕುವ ಅಭ್ಯಾಸದ ಬಗ್ಗೆ ನೀನೇ ಬರೆದಿದ್ದೀಯ. ಹಿಸುಕಿದಾಗ ಒಳಗಿನ ಕೀವಿನ ಒಂದು ಪಾಲು ಹೊರಬಂದರೂ ಇನ್ನೊಂದು ಪಾಲು ರಂಧ್ರದ ಗೋಡೆ ಒಡೆದು ಒಳಪದರಕ್ಕೆ ನುಗ್ಗಬಹುದು, ಕಲೆಯಾಗಿ ಮುಗಿಯಬಹುದಾಗಿದ್ದದ್ದು ಆಗ ಕುಳಿಯಾಗುತ್ತದೆ. ಕೈ ತಡೆಯಲಾರದಿದ್ದರೆ ಮೊಡವೆಯ ಮೇಲೆ ಒಸರುವ ದ್ರವವನ್ನು ಹೀರಿಕೊಳ್ಳುವ ಹೈಡ್ರೊಕಲಾಯ್ಡ್ ಪಟ್ಟಿ ಅಂಟಿಸು. ಅದು ಮಾಯಿಸುವುದಕ್ಕಿಂತ ಹೆಚ್ಚಾಗಿ ಬೆರಳನ್ನು ದೂರವಿಡುತ್ತದೆ.

ಇನ್ನು ಬಿಸಿಲು. ಇದರ ಬಗ್ಗೆ ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಕಲೆಯ ಮೇಲೆ ಬಿಸಿಲು ಬಿದ್ದಷ್ಟು ದಿನವೂ ಮೆಲನಿನ್ ಉತ್ಪತ್ತಿ ಮುಂದುವರಿಯುತ್ತದೆ, ರಾತ್ರಿ ಹಚ್ಚಿದ ಔಷಧ ಮಾಡಿದ್ದನ್ನು ಹಗಲು ಅಳಿಸಿಹಾಕುತ್ತದೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ, ಅತಿನೇರಳೆ ಕಿರಣಗಳ ಎ ಮತ್ತು ಬಿ ಎರಡೂ ಬಗೆಗಳನ್ನು ತಡೆಯುವ ಸನ್‌ಸ್ಕ್ರೀನನ್ನು ಪ್ರತಿ ಬೆಳಿಗ್ಗೆ ಹಚ್ಚಬೇಕು. ಮುಖ ಮತ್ತು ಕತ್ತಿಗೆ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ಬೇಕು. ಜನರು ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಮ್ಮಂಥ ಕಂದು ಮೈಬಣ್ಣದವರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು: ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಕಪ್ಪಾಗಿಸಬಲ್ಲದು, ಸಾಧಾರಣ ಸನ್‌ಸ್ಕ್ರೀನು ಅದನ್ನು ತಡೆಯದು. ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಛಾಯೆಯ ಸನ್‌ಸ್ಕ್ರೀನುಗಳು ತಡೆಯುತ್ತವೆ. ಸಾಧ್ಯವಾದರೆ ಅಂಥದನ್ನೇ ಆರಿಸಿಕೊ.

ಕಂದು ಕಲೆಗೆ ರೆಟಿನಾಯ್ಡಿನ ಜೊತೆಗೆ ನಾನು ಮೊದಲು ಸೂಚಿಸುವುದು ಅಜೆಲಾಯಿಕ್ ಆಮ್ಲ, ಶೇ. 15ರಿಂದ 20ರ ಪ್ರಮಾಣದ್ದು. ಅದು ಮೊಡವೆಗೂ ಕಲೆಗೂ ಒಟ್ಟಿಗೆ ಕೆಲಸ ಮಾಡುತ್ತದೆ, ಗರ್ಭಿಣಿಯರಿಗೂ ಸಾಮಾನ್ಯವಾಗಿ ಸುರಕ್ಷಿತವೆಂದೇ ಪರಿಗಣಿತವಾಗಿದೆ. ನಯಾಸಿನಮೈಡ್, ವಿಟಮಿನ್ ಸಿ ಸೌಮ್ಯವಾದವು. ಪೂರಕವಾಗಿ ಚೆನ್ನ, ಅವುಗಳ ಮೇಲೆಯೇ ಭಾರ ಹಾಕಬೇಡ. ಹೈಡ್ರೊಕ್ವಿನೋನ್ ಬಲವಾದ ಔಷಧ, ಕೆಲವು ತಿಂಗಳಷ್ಟೇ ವೈದ್ಯರ ಸೂಚನೆಯಂತೆ ಬಳಸಬೇಕು. ಬಹುಕಾಲ ಎಗ್ಗಿಲ್ಲದೆ ಹಚ್ಚಿದರೆ ಓಕ್ರೊನೋಸಿಸ್ ಎಂಬ, ವಾಸಿಮಾಡಲು ಬಹಳ ಕಷ್ಟವಾದ ನೀಲಿಗಪ್ಪು ಬಣ್ಣ ಚರ್ಮದೊಳಗೆ ಕೂತುಬಿಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಸ್ಟೆರಾಯ್ಡ್ ಬೆರೆತ ಬಿಳುಪಿನ ಕ್ರೀಮುಗಳದು. ಹಚ್ಚಿದ ಕೆಲವೇ ದಿನಗಳಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುವುದರಿಂದ ಜನ ಮರುಳಾಗುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಬಿಟ್ಟರೆ ಮುಖ ಬೆಂಕಿಯಂತೆ ಉರಿಯುತ್ತದೆ. ಕ್ರೀಮಿನ ಕೊಳವೆಯ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರುಗಳಿದ್ದರೆ ವೈದ್ಯರನ್ನು ಕೇಳದೆ ಮುಖಕ್ಕೆ ತಾಗಿಸಬೇಡ. ನಿಂಬೆರಸ, ಟೂತ್‌ಪೇಸ್ಟು, ಅಡುಗೆ ಸೋಡಾ ಕೂಡ ಬೇಡ. ಅವು ಚರ್ಮವನ್ನು ಕೆರಳಿಸುತ್ತವೆ, ಕೆರಳಿದ ಚರ್ಮ ಇನ್ನಷ್ಟು ಕಪ್ಪಾಗುತ್ತದೆ.

ಕುಳಿಗಳ ಚಿಕಿತ್ಸೆಗೆ ಬರುತ್ತೇನೆ. ಮೊಡವೆ ಹತೋಟಿಗೆ ಬಂದು ಕೆಲವು ತಿಂಗಳು ಶಾಂತವಾಗಿದ್ದ ಮೇಲೆ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ನಿನ್ನ ಕಣತಲೆಯ ಕುಳಿಗಳು ಫೋಟೋದಲ್ಲಿ ರೋಲಿಂಗ್ ಬಗೆಯವೆಂದು ಕಾಣುತ್ತವೆ, ಖಚಿತವಾಗಿ ಹೇಳಬೇಕಾದವರು ಮುಟ್ಟಿ ನೋಡುವ ವೈದ್ಯರು. ಆ ಬಗೆಗೆ ಸಬ್‌ಸಿಷನ್ ಎಂಬ ವಿಧಾನವಿದೆ, 1995ರಲ್ಲಿ ವಿವರಿಸಲ್ಪಟ್ಟದ್ದು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಚರ್ಮದ ಕೆಳಗೆ ಸೂಜಿ ತೂರಿಸಿ, ಎಳೆದು ಹಿಡಿದಿರುವ ನಾರುಗಳನ್ನು ಕತ್ತರಿಸುತ್ತಾರೆ. ನಾನು ಇದನ್ನು ಮಾಡಿಸಿಕೊಂಡಿದ್ದೇನೆ. ನೋವಿಗಿಂತ ಹೆಚ್ಚಾಗಿ ಒಳಗೆ ನಾರು ಹರಿಯುವ ಸದ್ದು ಕಿವಿಗೆ ಬೀಳುವುದು ವಿಚಿತ್ರವೆನಿಸುತ್ತದೆ. ಆಮೇಲೆ ಒಂದೆರಡು ವಾರ ಮುಖ ಕಂದಿ ಊದಿಕೊಂಡಿರುತ್ತದೆ, ಆದ್ದರಿಂದ ಜನರೆದುರು ನಿಲ್ಲಬೇಕಾದ ಕೆಲಸಗಳನ್ನು ಮುಂದಕ್ಕೆ ಹಾಕಿಕೊ. ನನ್ನ ಮಟ್ಟಿಗೆ ಉಳಿದೆಲ್ಲ ಚಿಕಿತ್ಸೆಗಳಿಗಿಂತ ಹೆಚ್ಚು ವ್ಯತ್ಯಾಸ ತಂದದ್ದು ಇದೇ.

ಕಿರಿದಾದ ಐಸ್‌ಪಿಕ್ ಕುಳಿಗಳಿಗೆ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು, ಶೇ. 65ರಿಂದ 100ರವರೆಗಿನ ಪ್ರಬಲ ಪ್ರಮಾಣದಲ್ಲಿ, ಕುಳಿಯ ತಳಕ್ಕೆ ಮಾತ್ರ ತಾಗುವಂತೆ ಚೂಪಾದ ಕಡ್ಡಿಯಿಂದ ಇಡುತ್ತಾರೆ. ಇದಕ್ಕೆ ಟಿಸಿಎ ಕ್ರಾಸ್ ಎನ್ನುತ್ತಾರೆ. ಈ ಆಮ್ಲ ಈಗ ಅಂತರಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ ಎಂಬುದೇ ನನಗೆ ಭಯ ಹುಟ್ಟಿಸುತ್ತದೆ; ಒಂದು ಹನಿ ಬೇರೆಡೆ ಬಿದ್ದರೆ ಅಲ್ಲಿ ಹೊಸ ಗಾಯದ ಗುರುತು ಶಾಶ್ವತವಾಗಬಹುದು. ಮನೆಯಲ್ಲಿ ಖಂಡಿತ ಪ್ರಯತ್ನಿಸಬೇಡ. ಬಾಕ್ಸ್‌ಕಾರ್ ಕುಳಿಗಳಿಗೆ ಮೈಕ್ರೋನೀಡ್ಲಿಂಗ್ ಅಥವಾ ಫ್ರಾಕ್ಷನಲ್ ಲೇಸರ್, ಅಂಚು ತೀರಾ ಕಡಿದಾಗಿದ್ದರೆ ಸಣ್ಣ ಶಸ್ತ್ರಕ್ರಿಯೆ. ಮೈಕ್ರೋನೀಡ್ಲಿಂಗಿನಲ್ಲಿ ಸೂಕ್ಷ್ಮ ಸೂಜಿಗಳು ಚರ್ಮದಲ್ಲಿ ಸಾವಿರಾರು ರಂಧ್ರಗಳನ್ನು ಮಾಡಿ ಹೊಸ ಕೊಲಾಜನ್ ಹುಟ್ಟುವಂತೆ ಮಾಡುತ್ತವೆ, ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರದಲ್ಲಿ ಹಲವು ಬಾರಿ. ಫ್ರಾಕ್ಷನಲ್ ಲೇಸರಿನ ಕಲ್ಪನೆ 2004ರಲ್ಲಿ ಬಂದದ್ದು: ಇಡೀ ಮೇಲ್ಮೈಯನ್ನು ಸುಡದೆ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಬಿಸಿಮಾಡುವುದರಿಂದ ನಡುವೆ ಉಳಿದ ಆರೋಗ್ಯವಂತ ಚರ್ಮ ಗಾಯವನ್ನು ಬೇಗ ಮಾಯಿಸುತ್ತದೆ. ಬಹುಪಾಲು ಮುಖಗಳಲ್ಲಿ ಎರಡು ಮೂರು ಬಗೆಯ ಕುಳಿಗಳು ಬೆರೆತಿರುತ್ತವೆಯಾದ್ದರಿಂದ ಅನುಭವಿ ವೈದ್ಯರು ವಿಧಾನಗಳನ್ನೂ ಬೆರೆಸುತ್ತಾರೆ. ಎಲ್ಲರಿಗೂ ಒಂದೇ ಯಂತ್ರವನ್ನು ಸೂಚಿಸುವ ಕಡೆಗೆ ಹೋಗಬೇಡ.

ಕಂದು, ಕಪ್ಪು ಮೈಬಣ್ಣದಲ್ಲಿ ಪ್ರಬಲ ಲೇಸರ್ ಮತ್ತು ಆಳದ ಪೀಲ್‌ಗಳು (ಆಮ್ಲ ಹಚ್ಚಿ ಚರ್ಮದ ಪದರ ಸುಲಿಯುವ ಚಿಕಿತ್ಸೆ) ತಾವೇ ಹೊಸ ಕಪ್ಪು ಕಲೆಗಳನ್ನು ಉಂಟುಮಾಡಬಲ್ಲವು. ಆದಕಾರಣ ವೈದ್ಯರನ್ನು ನೇರವಾಗಿ ಕೇಳು: ನನ್ನಂಥ ಬಣ್ಣದ ಚರ್ಮಕ್ಕೆ ಇದನ್ನು ಎಷ್ಟು ಬಾರಿ ಮಾಡಿದ್ದೀರಿ, ಕಪ್ಪಾದರೆ ಏನು ಮಾಡುತ್ತೀರಿ, ಮೊದಲು ಕಿವಿಯ ಬಳಿ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಬಹುದೇ? ಇವಕ್ಕೆ ಸಮಾಧಾನದಿಂದ ಉತ್ತರಿಸುವವರ ಕೈಗೆ ಮುಖವನ್ನು ಒಪ್ಪಿಸಬಹುದು. ಐಸೋಟ್ರೆಟಿನಾಯಿನ್ ತೆಗೆದುಕೊಂಡಿದ್ದರೆ, ಪದೇ ಪದೇ ಹರ್ಪಿಸ್ ಹುಣ್ಣು ಆಗುತ್ತಿದ್ದರೆ, ಗಾಯಗಳು ಉಬ್ಬಿ ಗಟ್ಟಿಯಾಗುವ ಸ್ವಭಾವ ನಿನ್ನದಾಗಿದ್ದರೆ ಮೊದಲೇ ಹೇಳಿಬಿಡು. ದವಡೆ, ಎದೆ, ಹೆಗಲಿನ ಮೇಲೆ ಉಬ್ಬಿದ ಕೆಲಾಯ್ಡ್ ಗುರುತುಗಳಿಗೆ ಚುಚ್ಚುವ ಚಿಕಿತ್ಸೆಗಳೇ ಕೇಡು ಮಾಡಬಹುದು; ಅವಕ್ಕೆ ಗಂಟಿನೊಳಗೇ ಸ್ಟೆರಾಯ್ಡ್ ಚುಚ್ಚುಮದ್ದು, ಸಿಲಿಕೋನ್ ಜೆಲ್ ಮುಂತಾದವಿವೆ.

ಯಾವ ಚಿಕಿತ್ಸೆಯೂ ಕುಳಿಯನ್ನು ಪೂರ್ತಿ ಇಲ್ಲವಾಗಿಸುವುದಿಲ್ಲ, ಗೆಳೆಯಾ. ಆಳ ಕಡಿಮೆಯಾಗುತ್ತದೆ, ಅಂಚು ಮೃದುವಾಗುತ್ತದೆ, ಎದುರಿಗೆ ನಿಂತವರ ಕಣ್ಣಿಗೆ ಬೀಳುವುದು ತಪ್ಪುತ್ತದೆ. ಅಷ್ಟಾದರೆ ಅದು ಬಹಳ ಒಳ್ಳೆಯ ಫಲ. ಹೊಸ ಕೊಲಾಜನ್ ಹದಗೊಳ್ಳಲು ತಿಂಗಳುಗಳು ಬೇಕಾದ್ದರಿಂದ ಕೊನೆಯ ಫಲ ಕಾಣುವುದು ಚಿಕಿತ್ಸೆ ಮುಗಿದು ಆರು ತಿಂಗಳ ಮೇಲೆ. ದಿನವೂ ಕನ್ನಡಿಯಲ್ಲಿ ಹುಡುಕಿದರೆ ಬದಲಾವಣೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಅದೇ ಕೋನದಿಂದ ಫೋಟೋ ತೆಗೆದಿಡು. ಜನರ ಮುಖ ನೋಡಿ ಮಾತಾಡಲೂ ಆಗುತ್ತಿಲ್ಲ ಎಂದು ನೀನು ಬರೆದದ್ದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆ ಮಾತನ್ನೂ ಚರ್ಮವೈದ್ಯರಿಗೆ ಹೇಳು, ಏಕೆಂದರೆ ಚಿಕಿತ್ಸೆಯನ್ನು ಎಷ್ಟು ಬೇಗ, ಎಷ್ಟು ಬಲವಾಗಿ ಆರಂಭಿಸಬೇಕೆಂದು ನಿರ್ಧರಿಸುವಾಗ ಅವರು ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಮನಸ್ಸು ತೀರಾ ಕುಗ್ಗಿದ್ದರೆ ಆಪ್ತಸಲಹೆಗಾರರನ್ನು ಕಾಣಲು ಹಿಂಜರಿಯಬೇಡ.

ಈ ವಾರವೇ ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿಕೊ. ಹೋಗುವಾಗ ಈಗ ಹಚ್ಚುತ್ತಿರುವ ಎಲ್ಲ ಕ್ರೀಮುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ಅವರು ಬರೆದುಕೊಟ್ಟದ್ದನ್ನು ನನಗೂ ತಿಳಿಸು. ಮೊದಲ ವಾರಗಳ ಉರಿಯ ದಿನಗಳಲ್ಲಿ ಬಿಟ್ಟುಬಿಡಬೇಕೆನಿಸಿದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು.

ನಿನ್ನ ಗೆಳೆಯ